ಸೈನ್ಯ, ಯಂತ್ರ ಮತ್ತು ಮನುಷ್ಯನ ಅರಿವು

(ಮಠದ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ವಾಯುಪಡೆಯ ನಿವೃತ್ತ ರಾಡಾರ್ ತಂತ್ರಜ್ಞರೊಬ್ಬರು ನೀಡಿದ ಉಪನ್ಯಾಸದ ಬರಹರೂಪ)

 

ಶಿವಾನುಭವ ಗೋಷ್ಠಿಯಲ್ಲಿ ಕ್ಷಿಪಣಿ, ರಾಡಾರ್‌ಗಳ ಮಾತೇಕೆ ಎಂದು ಕೆಲವರಿಗೆ ಅನ್ನಿಸಿರಬಹುದು. ಈ ಪ್ರಶ್ನೆಯನ್ನು ನಾನೂ ಪೂಜ್ಯರ ಮುಂದಿಟ್ಟೆ. ಅವರು ಹೇಳಿದ್ದು ಇಷ್ಟೇ: "ನಮ್ಮ ಭಕ್ತರ ಮನೆಗಳಿಂದ ಎಷ್ಟು ಮಕ್ಕಳು ಸೈನ್ಯಕ್ಕೆ ಹೋಗಿದ್ದಾರೆ, ಎಣಿಸಿ ನೋಡಿರಿ. ಅವರ ಕೈಗೆ ಏನು ಕೊಟ್ಟು ನಿಲ್ಲಿಸಿದ್ದಾರೆ ಎಂಬುದು ತಂದೆತಾಯಿಗಳಿಗೆ ತಿಳಿಯಬೇಡವೇ?" ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರದ ಕಡೆಯ ಹಳ್ಳಿಗಳಲ್ಲಿ ಮಗನನ್ನು ಸೈನ್ಯಕ್ಕೆ ಕಳಿಸಿದ ಮನೆಗಳು ಓಣಿಗೊಂದಾದರೂ ಸಿಗುತ್ತವೆ. ಈಗ ಹೆಣ್ಣುಮಕ್ಕಳೂ ಹೋಗುತ್ತಿದ್ದಾರೆ. ಆದ್ದರಿಂದ ಇದು ನಮ್ಮ ಮನೆಯ ಮಾತೇ ಆಯಿತು.

ನಾನು ಇಪ್ಪತ್ತು ವರ್ಷ ವಾಯುಪಡೆಯಲ್ಲಿ ರಾಡಾರ್ ದುರಸ್ತಿಯ ಕೆಲಸ ಮಾಡಿದವನು. ಜಾಲಹಳ್ಳಿಯಲ್ಲಿ ತರಬೇತಿ ಪಡೆದೆ. ಆಮೇಲೆ ಮರುಭೂಮಿಯಲ್ಲಿ, ಬೆಟ್ಟದ ಮೇಲೆ, ಸಮುದ್ರದ ದಂಡೆಯಲ್ಲಿ ದುಡಿದೆ. ಯಂತ್ರ ನನಗೆ ಅನ್ನ ಕೊಟ್ಟಿದೆ. ಅದರ ವೈರಿಯಾಗಿ ನಾನಿಲ್ಲಿ ನಿಂತಿಲ್ಲ. ಆದರೆ ಯಂತ್ರದ ಹೊಟ್ಟೆಯನ್ನು ಬಿಚ್ಚಿ ನೋಡಿದವನಿಗೆ ಒಂದು ಸಂಗತಿ ಗೊತ್ತಿರುತ್ತದೆ. ಪರದೆಯ ಮೇಲೆ ಕಾಣುವ ಚುಕ್ಕೆ ವಿಮಾನವಲ್ಲ, ವಿಮಾನ ಇರಬಹುದು ಎಂಬ ಒಂದು ಕುರುಹು ಮಾತ್ರ. ಹಕ್ಕಿಗಳ ಹಿಂಡು, ಮಳೆಮೋಡ, ದೂರದ ಗುಡ್ಡ ಇವೂ ಚುಕ್ಕೆಯಾಗಿಯೇ ಕಾಣುತ್ತವೆ. ಮಳೆಗಾಲದಲ್ಲಿ ಒಂದು ಕನೆಕ್ಟರ್‌ಗೆ ತೇವ ಹಿಡಿದರೂ ಇಲ್ಲದ್ದು ಕಾಣಬಹುದು, ಇದ್ದದ್ದು ಮಾಯವಾಗಬಹುದು. ಕುರುಹನ್ನು ನೋಡಿ ಅದರ ಹಿಂದೆ ಏನಿದೆ ಎಂದು ಅರಿಯುವುದು ಮನುಷ್ಯನ ಕೆಲಸ. ಆ ಕೆಲಸವನ್ನೂ ಯಂತ್ರಕ್ಕೇ ಒಪ್ಪಿಸಿದರೆ ಏನಾಗುತ್ತದೆ? ಇವತ್ತಿನ ನನ್ನ ಮಾತು ಈ ಒಂದು ಪ್ರಶ್ನೆಯ ಸುತ್ತಲೇ ಇರುತ್ತದೆ.

ಒಂದು ಗಡಿಯಾರದ ತಪ್ಪು

1991ರ ಕೊಲ್ಲಿ ಯುದ್ಧ ಹಿರಿಯರಿಗೆ ನೆನಪಿರುತ್ತದೆ. ಇರಾಕಿನ ಸ್ಕಡ್ ಕ್ಷಿಪಣಿಗಳನ್ನು ಆಕಾಶದಲ್ಲೇ ಹೊಡೆದುರುಳಿಸಲು ಅಮೆರಿಕ ಸೌದಿ ಅರೇಬಿಯಾದಲ್ಲಿ ಪೇಟ್ರಿಯಟ್ ಎಂಬ ಕ್ಷಿಪಣಿ ವ್ಯವಸ್ಥೆಯನ್ನು ನಿಲ್ಲಿಸಿತ್ತು. ಅದರ ಹೆಸರು ಆಗ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಇತ್ತು. ಫೆಬ್ರುವರಿ 25ರ ರಾತ್ರಿ ಧಹ್ರಾನ್ ಬಳಿ ಒಂದು ಸ್ಕಡ್ ಬಂದು ಅಮೆರಿಕದ ಸೈನಿಕರು ತಂಗಿದ್ದ ಕಟ್ಟಡದ ಮೇಲೆ ಬಿತ್ತು. 28 ಸೈನಿಕರು ಸತ್ತರು. ಅಲ್ಲಿದ್ದ ಪೇಟ್ರಿಯಟ್ ಒಂದು ಕ್ಷಿಪಣಿಯನ್ನೂ ಹಾರಿಸಲಿಲ್ಲ.

ಯಾಕೆ ಹಾರಿಸಲಿಲ್ಲ ಎಂದು ಹುಡುಕಿದಾಗ ಸಿಕ್ಕಿದ್ದು ಗಡಿಯಾರದ ತಪ್ಪು. ಆ ಕಂಪ್ಯೂಟರ್ ಕಾಲವನ್ನು ಸೆಕೆಂಡಿನ ಹತ್ತನೆಯ ಒಂದು ಭಾಗವಾಗಿ ಎಣಿಸುತ್ತಿತ್ತು. ಒಂದು ರೂಪಾಯಿಯನ್ನು ಮೂವರಿಗೆ ಹಂಚಿರಿ ಎಂದರೆ ಮೂವತ್ತಮೂರು ಪೈಸೆಯಂತೆ ಕೊಟ್ಟು ಒಂದು ಪೈಸೆ ಉಳಿಯುತ್ತದಲ್ಲ, ಹಾಗೆಯೇ ಸೊನ್ನೆ ಮತ್ತು ಒಂದರಲ್ಲಿ ಲೆಕ್ಕ ಹಾಕುವ ಕಂಪ್ಯೂಟರಿಗೆ ಹತ್ತರಲ್ಲಿ ಒಂದು ಎಂಬುದು ಸರಿಯಾಗಿ ಭಾಗವಾಗುವುದಿಲ್ಲ. ಪ್ರತಿ ಸಲ ಒಂದು ಸಣ್ಣ ಚೂರು ಬಿಟ್ಟುಹೋಗುತ್ತದೆ. ಆ ವ್ಯವಸ್ಥೆ ಅಲ್ಲಿ 100 ಗಂಟೆಗೂ ಹೆಚ್ಚು ಕಾಲ ನಿಲ್ಲಿಸದೆ ನಡೆದಿತ್ತು. ಬಿಟ್ಟುಹೋದ ಚೂರುಗಳೆಲ್ಲ ಕೂಡಿ ಸೆಕೆಂಡಿನ ಮೂರನೆಯ ಒಂದು ಭಾಗದಷ್ಟು ತಪ್ಪಾಯಿತು. ನಮ್ಮ ಬದುಕಿನಲ್ಲಿ ಅದು ಕಣ್ಣು ಮಿಟುಕಿಸುವಷ್ಟು ಹೊತ್ತು. ಆದರೆ ಸ್ಕಡ್ ಸೆಕೆಂಡಿಗೆ 1,600 ಮೀಟರಿಗಿಂತ ವೇಗವಾಗಿ ಬರುತ್ತದೆ. ಕಂಪ್ಯೂಟರ್ ಅದನ್ನು ಅರ್ಧ ಕಿಲೋಮೀಟರಿಗೂ ಹೆಚ್ಚು ಆಚೆ ಹುಡುಕಿತು, ಅಲ್ಲಿ ಏನೂ ಇಲ್ಲ ಎಂದು ಕೈಬಿಟ್ಟಿತು.

ಬಂಧುಗಳೇ, ಇದರಲ್ಲಿ ಮನಸ್ಸಿಗೆ ನಾಟುವ ಸಂಗತಿ ಮುಂದಿದೆ. ಈ ದೋಷ ಮೊದಲೇ ಗೊತ್ತಿತ್ತು. ಇಸ್ರೇಲಿನವರು ಎರಡು ವಾರ ಮುಂಚೆಯೇ, ವ್ಯವಸ್ಥೆ ಬಹಳ ಹೊತ್ತು ನಡೆದರೆ ಲೆಕ್ಕ ಜಾರುತ್ತದೆ ಎಂದು ತಿಳಿಸಿದ್ದರು. ದುರಂತಕ್ಕೆ ನಾಲ್ಕು ದಿನ ಮೊದಲು, ತುಂಬ ಹೊತ್ತು ನಡೆಸಿದರೆ ತೊಂದರೆಯಾಗಬಹುದು ಎಂಬ ಸೂಚನೆಯೂ ಹೋಗಿತ್ತು. ತುಂಬ ಹೊತ್ತು ಎಂದರೆ ಎಷ್ಟು ಹೊತ್ತು ಎಂಬುದನ್ನು ಮಾತ್ರ ಅದರಲ್ಲಿ ಬರೆದಿರಲಿಲ್ಲ. ಯಂತ್ರವನ್ನು ಒಮ್ಮೆ ಆರಿಸಿ ಹಚ್ಚಿದ್ದರೆ ಗಡಿಯಾರ ಮತ್ತೆ ಸೊನ್ನೆಯಿಂದ ಶುರುವಾಗುತ್ತಿತ್ತು. ಅದಕ್ಕೆ ಬೇಕಾಗಿದ್ದದ್ದು ಒಂದೆರಡು ನಿಮಿಷ. ಸರಿಪಡಿಸಿದ ಸಾಫ್ಟ್‌ವೇರ್ ಧಹ್ರಾನಿಗೆ ಬಂದು ಮುಟ್ಟಿದ್ದು ಮರುದಿನ, ಫೆಬ್ರುವರಿ 26ಕ್ಕೆ.

ಅಲ್ಲಿದ್ದ ಸೈನಿಕರು ಸೋಮಾರಿಗಳಲ್ಲ, ಹೇಡಿಗಳೂ ಅಲ್ಲ. ಅವರಿಗೆ ಯಂತ್ರ ನಡೆಸುವುದನ್ನು ಕಲಿಸಿದ್ದರು. ಅದು ಎಲ್ಲಿ ತಪ್ಪುತ್ತದೆ ಎಂಬುದನ್ನು ಯಾರೂ ಕಲಿಸಿರಲಿಲ್ಲ.

ಯಂತ್ರ ಸುಳ್ಳು ಹೇಳಿದಾಗ, ನಿಜ ಹೇಳಿದಾಗ

ಯಂತ್ರ ತಪ್ಪುತ್ತದೆ, ಮನುಷ್ಯ ಸರಿ ಎಂದು ಹೇಳಿ ಮುಗಿಸಿದರೆ ಅದು ಅರ್ಧ ಸತ್ಯ. ಎರಡು ಘಟನೆಗಳನ್ನು ಒಟ್ಟಿಗೆ ಇಟ್ಟು ನೋಡೋಣ.

ಮೊದಲನೆಯದು 1983ರ ಸೆಪ್ಟೆಂಬರ್ 26ರ ನಡುರಾತ್ರಿಯದು. ಸೋವಿಯತ್ ಒಕ್ಕೂಟದ ಒಂದು ಎಚ್ಚರಿಕೆ ಕೇಂದ್ರದಲ್ಲಿ ಲೆಫ್ಟಿನೆಂಟ್ ಕರ್ನಲ್ ಸ್ತಾನಿಸ್ಲಾವ್ ಪೆಟ್ರೋವ್ ಪಾಳಿಯ ಮೇಲಿದ್ದರು. ಅಮೆರಿಕದಿಂದ ಅಣ್ವಸ್ತ್ರ ಕ್ಷಿಪಣಿಯೊಂದು ಹಾರಿದೆ ಎಂದು ಉಪಗ್ರಹ ವ್ಯವಸ್ಥೆ ಎಚ್ಚರಿಕೆ ಕೊಟ್ಟಿತು. ಸ್ವಲ್ಪ ಹೊತ್ತಿನಲ್ಲೇ ಇನ್ನೂ ನಾಲ್ಕು ಎಂದಿತು. ಆಗಿನ ಕಾಲವೂ ಕೆಟ್ಟದ್ದು. ಅದೇ ತಿಂಗಳ ಒಂದನೆಯ ತಾರೀಖು ಸೋವಿಯತ್ ವಿಮಾನಪಡೆ ಕೊರಿಯಾದ ಪ್ರಯಾಣಿಕರ ವಿಮಾನವನ್ನು ಹೊಡೆದುರುಳಿಸಿ 269 ಜನ ಸತ್ತಿದ್ದರು. ಎರಡೂ ದೇಶಗಳು ಬೆರಳನ್ನು ಗುಂಡಿಯ ಮೇಲೆಯೇ ಇಟ್ಟುಕೊಂಡಿದ್ದವು. ಪೆಟ್ರೋವ್ ಯೋಚಿಸಿದರು. ನಿಜವಾಗಿ ಯುದ್ಧ ಶುರು ಮಾಡುವವರು ಐದೇ ಕ್ಷಿಪಣಿ ಬಿಡುತ್ತಾರೆಯೇ? ನೆಲದ ರಾಡಾರ್‌ಗಳಲ್ಲಿ ಏನೂ ಕಾಣುತ್ತಿಲ್ಲವಲ್ಲ? ಆ ಉಪಗ್ರಹ ವ್ಯವಸ್ಥೆ ಇನ್ನೂ ಹೊಸದು, ಅದರ ದೌರ್ಬಲ್ಯಗಳು ಅವರಿಗೆ ಗೊತ್ತಿದ್ದವು. ಇದು ಸುಳ್ಳು ಎಚ್ಚರಿಕೆ ಎಂದು ಮೇಲಿನವರಿಗೆ ವರದಿ ಮಾಡಿದರು. ಅದು ಸುಳ್ಳೇ ಆಗಿತ್ತು. ಎತ್ತರದ ಮೋಡಗಳ ಮೇಲೆ ಬಿದ್ದ ಬಿಸಿಲಿನ ಪ್ರತಿಫಲನವನ್ನು ಉಪಗ್ರಹ ಕ್ಷಿಪಣಿಯ ಬೆಂಕಿ ಎಂದು ತಿಳಿದಿತ್ತು.

ಎರಡನೆಯದು 1988ರ ಜುಲೈ 3ರದು. ಕೊಲ್ಲಿಯಲ್ಲಿ ಅಮೆರಿಕದ ವಿನ್ಸೆನ್ಸ್ ಎಂಬ ಯುದ್ಧನೌಕೆ ಇತ್ತು. ಏಜಿಸ್ ಎಂಬ, ಆ ಕಾಲಕ್ಕೆ ಜಗತ್ತಿನಲ್ಲೇ ಮುಂದುವರಿದ ರಾಡಾರ್ ಮತ್ತು ಕಂಪ್ಯೂಟರ್ ವ್ಯವಸ್ಥೆ ಅದರಲ್ಲಿತ್ತು. ಇರಾನಿನ ಸಣ್ಣ ದೋಣಿಗಳ ಜೊತೆ ಗುಂಡಿನ ಕಾಳಗ ನಡೆದಿದ್ದ ಹೊತ್ತಿನಲ್ಲೇ ಬಂದರ್ ಅಬ್ಬಾಸಿನಿಂದ ದುಬೈಗೆ ಹೊರಟ ಪ್ರಯಾಣಿಕರ ವಿಮಾನವೊಂದು ಮೇಲೇರಿತು. ಹಡಗಿನವರು ಅದನ್ನು ಯುದ್ಧವಿಮಾನ ಎಂದುಕೊಂಡರು, ತಮ್ಮ ಕಡೆಗೆ ಇಳಿದು ಬರುತ್ತಿದೆ ಎಂದರು. ಕ್ಷಿಪಣಿ ಬಿಟ್ಟರು. 290 ಜನ ಸತ್ತರು. ಅವರಲ್ಲಿ 66 ಮಕ್ಕಳು, ಭಾರತೀಯರೂ ಇದ್ದರು. ಆಮೇಲೆ ಕಂಪ್ಯೂಟರಿನ ದಾಖಲೆ ತೆಗೆದು ನೋಡಿದರೆ, ವಿಮಾನ ಇಳಿಯುತ್ತಿಲ್ಲ, ಏರುತ್ತಿದೆ ಎಂದು ಯಂತ್ರ ಸರಿಯಾಗಿಯೇ ತೋರಿಸಿತ್ತು. ಭಯದಲ್ಲಿದ್ದ ಕಣ್ಣು ತಾನು ನಿರೀಕ್ಷಿಸಿದ್ದನ್ನೇ ಓದಿತು.

ಒಂದು ಕಡೆ ಯಂತ್ರ ಸುಳ್ಳು ಹೇಳಿತು, ಮನುಷ್ಯ ಅದನ್ನು ತಡೆದ. ಇನ್ನೊಂದು ಕಡೆ ಯಂತ್ರ ನಿಜ ಹೇಳಿತ್ತು, ಮನುಷ್ಯ ಅದನ್ನು ಓದಲಿಲ್ಲ. ಹಾಗಾದರೆ ಪೆಟ್ರೋವ್ ಅವರಿಗೆ ಇದ್ದದ್ದೇನು, ವಿನ್ಸೆನ್ಸ್‌ನವರಿಗೆ ಇಲ್ಲದ್ದೇನು? ಪೆಟ್ರೋವ್‌ಗೆ ತನ್ನ ಯಂತ್ರದ ಹುಳುಕು ಗೊತ್ತಿತ್ತು. ಹೋಲಿಸಿ ನೋಡಲು ಇನ್ನೊಂದು ಕಣ್ಣು, ನೆಲದ ರಾಡಾರ್, ಇತ್ತು. ಮತ್ತು ಕೆಲವು ನಿಮಿಷಗಳಾದರೂ ತಡೆದು ಯೋಚಿಸುವ ಧೈರ್ಯ ಇತ್ತು. ವಿನ್ಸೆನ್ಸ್‌ನಲ್ಲಿ ಯಂತ್ರ ಎಷ್ಟು ಬೇಗ ಎಷ್ಟೊಂದು ಸಂಗತಿಗಳನ್ನು ತಂದು ಸುರಿಯಿತೆಂದರೆ, ಮನುಷ್ಯನ ಮನಸ್ಸು ಅದರ ಹಿಂದೆ ಓಡಿ ಏದುಸಿರು ಬಿಟ್ಟಿತು. ಯುದ್ಧದಲ್ಲಿ ಹೊಸ ತಂತ್ರಜ್ಞಾನ ಮೊದಲು ಕಸಿದುಕೊಳ್ಳುವುದು ಯೋಚಿಸುವ ಹೊತ್ತನ್ನು.

ನಮ್ಮ ಮನೆಯ ಎರಡು ಘಟನೆಗಳು

ಇವೆಲ್ಲ ಹೊರಗಿನವರ ಕಥೆ ಎಂದು ಕೈತೊಳೆದುಕೊಳ್ಳುವಂತಿಲ್ಲ. 2019ರ ಫೆಬ್ರುವರಿ 27ರ ಬೆಳಿಗ್ಗೆ, ಬಾಲಾಕೋಟ್ ದಾಳಿಯ ಮರುದಿನ, ಶ್ರೀನಗರದ ಹತ್ತಿರ ಬಡಗಾಮಿನಲ್ಲಿ ನಮ್ಮ ವಾಯುಪಡೆಯ ಎಂಐ-17 ಹೆಲಿಕಾಪ್ಟರನ್ನು ನಮ್ಮದೇ ಕ್ಷಿಪಣಿ ಹೊಡೆದುರುಳಿಸಿತು. ಒಳಗಿದ್ದ ಆರು ಜನ ವಾಯುಯೋಧರೂ ನೆಲದ ಮೇಲಿದ್ದ ಒಬ್ಬ ನಾಗರಿಕನೂ ಸತ್ತರು. ಸ್ವಪಕ್ಷದ ವಿಮಾನವೋ ವೈರಿಯದೋ ಎಂದು ಗುರುತಿಸಲು ಒಂದು ಉಪಕರಣ ಇರುತ್ತದೆ. ನೆಲದಿಂದ ಕೇಳಿದ ಪ್ರಶ್ನೆಗೆ ವಿಮಾನದ ಉಪಕರಣ ಉತ್ತರ ಕೊಡುತ್ತದೆ. ಅಂದು ಆ ಪ್ರಶ್ನೋತ್ತರ ನಡೆಯಲೇ ಇಲ್ಲ. ಅದೇ ವರ್ಷ ಅಕ್ಟೋಬರಿನಲ್ಲಿ ವಾಯುಪಡೆಯ ಮುಖ್ಯಸ್ಥರು, ಅದು ನಮ್ಮದೇ ದೊಡ್ಡ ತಪ್ಪು ಎಂದು ಬಹಿರಂಗವಾಗಿ ಒಪ್ಪಿಕೊಂಡರು. ಹಾಗೆ ಒಪ್ಪಿಕೊಂಡದ್ದು ದೊಡ್ಡ ಮಾತು. ಆದರೆ ಆ ಏಳು ಮನೆಗಳ ದೀಪ ಮತ್ತೆ ಹತ್ತಲಿಲ್ಲ.

ಇನ್ನೊಂದು, 2022ರ ಮಾರ್ಚ್ 9ರದು. ನಮ್ಮ ಬ್ರಹ್ಮೋಸ್ ಕ್ಷಿಪಣಿಯೊಂದು ಆಕಸ್ಮಿಕವಾಗಿ ಹಾರಿ ಗಡಿ ದಾಟಿ ಪಾಕಿಸ್ತಾನದ ಮಿಯಾನ್ ಚನ್ನು ಎಂಬ ಊರಿನ ಹತ್ತಿರ ಹೋಗಿ ಬಿತ್ತು. ಪುಣ್ಯಕ್ಕೆ ಯಾರ ಪ್ರಾಣವೂ ಹೋಗಲಿಲ್ಲ. ಮೊದಲು ಬಂದ ಹೇಳಿಕೆಯಲ್ಲಿ ತಾಂತ್ರಿಕ ದೋಷ ಎಂದಿತ್ತು. ವಿಚಾರಣೆ ಮುಗಿದ ಮೇಲೆ, ನಿಗದಿಯಾದ ಕಾರ್ಯವಿಧಾನವನ್ನು ಮೂವರು ಅಧಿಕಾರಿಗಳು ಪಾಲಿಸಲಿಲ್ಲ ಎಂದು ತಿಳಿದುಬಂದು, ಆಗಸ್ಟ್‌ನಲ್ಲಿ ಅವರನ್ನು ಸೇವೆಯಿಂದ ತೆಗೆದರು. ಎರಡೂ ದೇಶಗಳ ಹತ್ತಿರ ಅಣ್ವಸ್ತ್ರ ಇದೆ. ಆ ಕಡೆ ಪರದೆಯ ಮುಂದೆ ಕುಳಿತವನು ಅಂದು ಬೇರೆ ರೀತಿ ಯೋಚಿಸಿದ್ದರೆ ಏನಾಗುತ್ತಿತ್ತು ಎಂಬುದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ. ಇಷ್ಟು ವೇಗದ ಅಸ್ತ್ರವನ್ನು ಕೈಯಲ್ಲಿ ಹಿಡಿದವರಿಗೆ ತಪ್ಪು ತಿದ್ದಿಕೊಳ್ಳಲು ಸಿಗುವ ಹೊತ್ತು ನಿಮಿಷಗಳ ಲೆಕ್ಕದ್ದು.

ಕೈ ಮರೆತ ಕೆಲಸ

ಇನ್ನು ಎರಡನೆಯ ಅಪಾಯ. ಇದು ಸದ್ದಿಲ್ಲದೆ ಬರುತ್ತದೆ. ಯಂತ್ರ ಮಾಡಿಕೊಡುವ ಕೆಲಸವನ್ನು ಕೈ ಮರೆಯುತ್ತದೆ. ಮೊಬೈಲ್ ಬಂದ ಮೇಲೆ ನಮ್ಮಲ್ಲಿ ಎಷ್ಟು ಜನರಿಗೆ ಮಗಳ ನಂಬರ್ ಬಾಯಿಪಾಠ ಇದೆ? ಮನೆಯಲ್ಲಾದರೆ ಇದು ನಗುವ ಮಾತು. ಸಮುದ್ರದ ಮೇಲೆ ಇದು ಸಾವಿನ ಮಾತು.

2017ರ ಆಗಸ್ಟ್ 21ರ ನಸುಕಿನಲ್ಲಿ ಅಮೆರಿಕದ ಜಾನ್ ಎಸ್. ಮೆಕೇನ್ ಎಂಬ ಯುದ್ಧನೌಕೆ ಸಿಂಗಾಪುರದ ಹತ್ತಿರ ಒಂದು ತೈಲದ ಹಡಗಿಗೆ ಡಿಕ್ಕಿಯಾಯಿತು. ಹತ್ತು ಜನ ನಾವಿಕರು ಸತ್ತರು. ಆ ಹಡಗಿನಲ್ಲಿ ಚುಕ್ಕಾಣಿ ಮತ್ತು ವೇಗದ ನಿಯಂತ್ರಣವನ್ನು ಟಚ್‌ಸ್ಕ್ರೀನ್ ಮೇಲೆ ಮಾಡಿದ್ದರು. ದಟ್ಟಣೆಯ ದಾರಿಯಲ್ಲಿ ಒಬ್ಬನಿಗೆ ಕಷ್ಟವಾಗಬಾರದು ಎಂದು ಕೆಲಸವನ್ನು ಇಬ್ಬರಿಗೆ ಹಂಚುವಾಗ, ಅರಿವಿಲ್ಲದೆ ಚುಕ್ಕಾಣಿಯೂ ಪಕ್ಕದವನ ಪರದೆಗೆ ಹೋಯಿತು. ಮೊದಲಿನವನು ಚುಕ್ಕಾಣಿ ಕೆಲಸ ಮಾಡುತ್ತಿಲ್ಲ ಎಂದು ಕೂಗಿದ. ಚುಕ್ಕಾಣಿ ಸರಿಯಾಗಿಯೇ ಇತ್ತು, ಅದು ಯಾರ ಕೈಯಲ್ಲಿದೆ ಎಂಬುದು ಮಾತ್ರ ಯಾರಿಗೂ ತಿಳಿಯಲಿಲ್ಲ. ವೇಗ ತಗ್ಗಿಸಲು ಹೋದರೆ ಎರಡು ಪ್ರೊಪೆಲರ್‌ಗಳಲ್ಲಿ ಒಂದರ ವೇಗ ಮಾತ್ರ ಇಳಿಯಿತು. ಹಡಗು ತಿರುಗಿ ಅಡ್ಡ ಬಿತ್ತು. ಪರದೆಯ ಮುಂದಿದ್ದವರಿಗೆ ಆ ವ್ಯವಸ್ಥೆಯ ತರಬೇತಿ ಸಾಲದಾಗಿತ್ತು ಎಂದು ತನಿಖೆ ಹೇಳಿತು. ಎರಡು ವರ್ಷದ ಮೇಲೆ ಅಮೆರಿಕದ ನೌಕಾಪಡೆ, ವೇಗ ನಿಯಂತ್ರಣದ ಟಚ್‌ಸ್ಕ್ರೀನ್ ತೆಗೆದು ಕೈಯಲ್ಲಿ ಹಿಡಿದು ಎಳೆಯುವ ಹಿಡಿಕೆಗಳನ್ನೇ ಮತ್ತೆ ಹಾಕಲು ನಿರ್ಧರಿಸಿತು. ಹಿಡಿಕೆಯ ಗುಣವೇನೆಂದರೆ, ಅದು ಎಲ್ಲಿದೆ ಎಂದು ಕತ್ತಲೆಯಲ್ಲೂ ಕೈಗೆ ತಿಳಿಯುತ್ತದೆ.

ಅದೇ ನೌಕಾಪಡೆ ನಕ್ಷತ್ರ ನೋಡಿ ದಾರಿ ಹಿಡಿಯುವ ವಿದ್ಯೆಯನ್ನು ಜಿಪಿಎಸ್ ಬಂದ ಮೇಲೆ ಪಾಠದಿಂದ ಕೈಬಿಟ್ಟಿತ್ತು. 2015ರಲ್ಲಿ ತನ್ನ ಅಕಾಡೆಮಿಯಲ್ಲಿ ಅದನ್ನು ಮತ್ತೆ ಕಲಿಸತೊಡಗಿತು. ಉಪಗ್ರಹದ ಸಂಕೇತವನ್ನು ವೈರಿ ಕೆಡಿಸಬಹುದು, ಆಕಾಶದ ಚುಕ್ಕೆಗಳನ್ನು ಯಾರೂ ಕೆಡಿಸಲಾರರು ಎಂದು ಅವರಿಗೆ ಮನವರಿಕೆಯಾಗಿತ್ತು. ಉಕ್ರೇನಿನ ಯುದ್ಧದಲ್ಲಿ ಇದು ಕಣ್ಣಿಗೆ ಕಂಡಿದೆ. ಜಿಪಿಎಸ್ ನೋಡಿ ಗುರಿ ಮುಟ್ಟುವ ದುಬಾರಿ ಎಕ್ಸ್‌ಕ್ಯಾಲಿಬರ್ ಶೆಲ್‌ಗಳು ಮೊದಮೊದಲು ಚೆನ್ನಾಗಿ ನಡೆದವು. ರಷ್ಯದವರು ಸಂಕೇತ ಕೆಡಿಸಲು ಕಲಿತ ಮೇಲೆ ಗುರಿ ತಪ್ಪತೊಡಗಿದವು. ಆಗ ಎರಡೂ ಕಡೆಯವರು ಏನು ಮಾಡಿದರು? ರೇಡಿಯೊ ಬಿಟ್ಟು, ಬಾಲಕ್ಕೆ ಕಿಲೋಮೀಟರುಗಟ್ಟಲೆ ತೆಳು ಫೈಬರ್ ತಂತಿ ಕಟ್ಟಿದ ಡ್ರೋನ್‌ಗಳನ್ನು ಹಾರಿಸಿದರು. ಗಾಳಿಪಟ ಹಾರಿಸುವ ಹುಡುಗನ ಲಟಾಯಿಯ ದಾರದಂತೆ ಆ ತಂತಿ ಬಿಚ್ಚಿಕೊಳ್ಳುತ್ತ ಹೋಗುತ್ತದೆ. ಸಂಕೇತ ತಂತಿಯೊಳಗೇ ಇರುವುದರಿಂದ ಅದನ್ನು ಗಾಳಿಯಲ್ಲಿ ಕೆಡಿಸಲು ಬರುವುದಿಲ್ಲ.

ಕಾಯಕ ಎಂಬ ಮಾತನ್ನು ಈ ಸಭೆಗೆ ನಾನು ವಿವರಿಸಬೇಕಿಲ್ಲ. ಕೈಯೂ ಅರಿವೂ ಕೂಡಿದಾಗ ಮಾತ್ರ ಕೆಲಸ ಕಾಯಕವಾಗುತ್ತದೆ. ನೇಕಾರನಿಗೆ ಎಳೆ ಎಲ್ಲಿ ಕಡಿಯುತ್ತದೆ ಎಂದು ಬೆರಳಿಗೆ ತಿಳಿದಿರುತ್ತದೆ. ಗುಂಡಿ ಒತ್ತುವುದಷ್ಟನ್ನೇ ಕಲಿತ ಸೈನಿಕನಿಗೆ ಆ ಬೆರಳಿನ ಅರಿವು ಬರುವುದಿಲ್ಲ. 2022ರಲ್ಲಿ ಅಗ್ನಿಪಥ ಯೋಜನೆ ಬಂದ ಮೇಲೆ ಸಿಪಾಯಿಯಾಗಿ ಸೇರುವ ನಮ್ಮ ಹುಡುಗರ ಸೇವೆ ನಾಲ್ಕು ವರ್ಷ; ಆಮೇಲೆ ನೂರಕ್ಕೆ 25 ಜನರವರೆಗೆ ಮಾತ್ರ ಮುಂದುವರಿಯುತ್ತಾರೆ. ಈ ಯೋಜನೆಯ ಪರ ವಿರೋಧದ ವಾದ ನಾನಿಲ್ಲಿ ಮಾಡುವುದಿಲ್ಲ. ಒಂದು ರಾಡಾರ್ ಸೆಟ್ಟಿನ ಸ್ವಭಾವ ಕೈಗೆ ಹತ್ತಲು ನನಗೆ ಆರೇಳು ವರ್ಷ ಬೇಕಾಯಿತು ಎಂದಷ್ಟೇ ಹೇಳುತ್ತೇನೆ. ಯಂತ್ರ ಹೆಚ್ಚು ಜಟಿಲವಾದಷ್ಟೂ ಅದರ ಮುಂದೆ ಕೂರುವವನಿಗೆ ಹೆಚ್ಚು ಕಾಲ ಬೇಕು. ಕಾಲ ಕಡಿಮೆ ಮಾಡಿ, ಯಂತ್ರ ಜಾಸ್ತಿ ಮಾಡಿದರೆ ಲೆಕ್ಕ ಸರಿಹೋಗುವುದಿಲ್ಲ.

ಬೀಗ ನಮ್ಮದು, ಕೀಲಿಕೈ ಇನ್ನೊಬ್ಬರದು

ಮೂರನೆಯ ಅಪಾಯ, ಯಂತ್ರ ನಮ್ಮ ಅಂಗಳದಲ್ಲಿದ್ದು ಅದರ ಜೀವ ಪರರ ಕೈಯಲ್ಲಿರುವುದು. ಇದಕ್ಕೆ ದೂರ ಹೋಗಬೇಕಿಲ್ಲ, ಬೆಂಗಳೂರಿನವರೆಗೆ ಹೋದರೆ ಸಾಕು.

ಜಿಪಿಎಸ್ ಅಮೆರಿಕದ ಸೈನ್ಯದ ಆಸ್ತಿ. ಅದಕ್ಕೆ ನಮ್ಮದೇ ಒಂದು ಬದಲಿ ಇರಬೇಕೆಂದು ಇಸ್ರೋ 2013ರ ಜುಲೈಯಿಂದ ಉಪಗ್ರಹಗಳನ್ನು ಹಾರಿಸಿ ನಾವಿಕ್ ವ್ಯವಸ್ಥೆ ಕಟ್ಟಿತು. ಅದರ ಒಂದು ಮುಖ್ಯ ಕೇಂದ್ರ ಬೆಂಗಳೂರಿನ ಹತ್ತಿರದ ಬ್ಯಾಲಾಳಿನಲ್ಲಿದೆ. ಇಂಥ ಉಪಗ್ರಹದ ಪ್ರಾಣ ಅದರೊಳಗಿನ ಪರಮಾಣು ಗಡಿಯಾರ. ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗ ತಪ್ಪಿದರೆ ದೂರದ ಲೆಕ್ಕ 300 ಮೀಟರ್ ತಪ್ಪುತ್ತದೆ. ಆ ಗಡಿಯಾರಗಳು ಯುರೋಪಿನಿಂದ ಬಂದವು. ಮೊದಲ ಉಪಗ್ರಹದಲ್ಲಿದ್ದ ಮೂರೂ ಗಡಿಯಾರಗಳು ಕೆಟ್ಟವು ಎಂದು 2017ರಲ್ಲಿ ತಿಳಿಯಿತು. ಯುರೋಪಿನ ಗೆಲಿಲಿಯೊ ಉಪಗ್ರಹಗಳಲ್ಲೂ ಅಂಥ ತೊಂದರೆಯೇ ಕಾಣಿಸಿಕೊಂಡಿತ್ತು. ನಮ್ಮವರು ಕೈಕಟ್ಟಿ ಕೂರಲಿಲ್ಲ. ಅಹಮದಾಬಾದಿನ ಇಸ್ರೋ ಕೇಂದ್ರದಲ್ಲಿ ರುಬಿಡಿಯಂ ಗಡಿಯಾರ ತಯಾರಾಗಿ, 2023ರ ಮೇ 29ರಂದು ಹಾರಿದ ಉಪಗ್ರಹದಲ್ಲಿ ಹೋಯಿತು. ಮುಂದಿನ ಉಪಗ್ರಹ 2025ರ ಜನವರಿಯಲ್ಲಿ ಹಾರಿತಾದರೂ ಸೇರಬೇಕಾದ ಕಕ್ಷೆ ಸೇರಲಿಲ್ಲ. ಸ್ವಂತದ್ದು ಎಂದ ಮಾತ್ರಕ್ಕೆ ಕೆಡುವುದಿಲ್ಲ ಎಂದಲ್ಲ. ಸ್ವಂತದ್ದು ಕೆಟ್ಟರೆ ಬಿಚ್ಚಿ ನೋಡಬಹುದು, ಯಾರ ಬಾಗಿಲಿಗೂ ಹೋಗಿ ನಿಲ್ಲಬೇಕಿಲ್ಲ.

ತೇಜಸ್ ಯುದ್ಧವಿಮಾನದ ಕಥೆಯೂ ಇಂಥದೇ. ಎಚ್‌ಎಎಲ್ ಕಟ್ಟುವ ಈ ವಿಮಾನ ಕನ್ನಡ ನಾಡಿನ ಹೆಮ್ಮೆ. 2021ರ ಫೆಬ್ರುವರಿಯಲ್ಲಿ 83 ವಿಮಾನಗಳ ಒಪ್ಪಂದವಾಯಿತು. ಅದೇ ವರ್ಷ ಅಮೆರಿಕದ ಕಂಪನಿಯಿಂದ 99 ಎಂಜಿನ್ ತರಿಸುವ ಒಪ್ಪಂದವೂ ಆಯಿತು. 2024ರಲ್ಲಿ ವಿಮಾನಗಳು ಬರಲು ಶುರುವಾಗಬೇಕಿತ್ತು. ಮೊದಲ ಎಂಜಿನ್ನೇ ಬಂದದ್ದು 2025ರ ಮಾರ್ಚ್‌ನಲ್ಲಿ. ತಡಕ್ಕೆ ಬೇರೆ ಕಾರಣಗಳೂ ಇದ್ದವು. ಆದರೆ ಹೃದಯವನ್ನು ಹೊರಗಿನಿಂದ ತರಿಸುವವನು ಅವರು ಕೊಡುವ ತಾರೀಖಿಗೆ ಕಾಯಲೇಬೇಕು. ಬೆಂಗಳೂರಿನಲ್ಲೇ ಕಾವೇರಿ ಎಂಬ ಎಂಜಿನ್ನಿನ ಕೆಲಸ 1989ರಲ್ಲಿ ಮಂಜೂರಾಗಿತ್ತು. ತೇಜಸ್‌ಗೆ ಬೇಕಾದ ಶಕ್ತಿ ಅದಕ್ಕೆ ಬರಲಿಲ್ಲ. ಎಂಜಿನ್ ವಿದ್ಯೆ ದುಡ್ಡು ಕೊಟ್ಟು ಒಂದೇ ದಿನದಲ್ಲಿ ತರುವಂಥದ್ದಲ್ಲ. ಲೋಹ ಕರಗಿಸುವವರಿಂದ ಹಿಡಿದು ಗಣಿತ ಹಾಕುವವರವರೆಗೆ ಎರಡು ಮೂರು ತಲೆಮಾರು ಅದರಲ್ಲಿ ಕೂಡಿ ದುಡಿಯಬೇಕು.

ದೇಶಗಳ ನಡುವೆಯಾದರೆ ಒಪ್ಪಂದವಾದರೂ ಇರುತ್ತದೆ. ಈಗ ಒಬ್ಬ ವ್ಯಕ್ತಿಯ ಮರ್ಜಿಯೂ ಯುದ್ಧದೊಳಗೆ ಬಂದಿದೆ. ಉಕ್ರೇನಿನ ಸೈನ್ಯ ಸಂಪರ್ಕಕ್ಕೆ ಸ್ಟಾರ್‌ಲಿಂಕ್ ಎಂಬ ಖಾಸಗಿ ಕಂಪನಿಯ ಉಪಗ್ರಹಗಳನ್ನು ನೆಚ್ಚಿಕೊಂಡಿತು. 2022ರಲ್ಲಿ ಕ್ರೈಮಿಯದ ಬಳಿ ಒಂದು ಕಾರ್ಯಾಚರಣೆಗೆ ಸೇವೆ ತೆರೆಯಿರಿ ಎಂದಾಗ ತಾನು ಒಪ್ಪಲಿಲ್ಲ ಎಂದು ಕಂಪನಿಯ ಒಡೆಯ ಇಲಾನ್ ಮಸ್ಕ್ ಅವರೇ ಹೇಳಿದ್ದಾರೆ. ಅವರ ನಿರ್ಧಾರ ಸರಿಯೋ ತಪ್ಪೋ ಎಂಬುದು ಬೇರೆ ಮಾತು. ಒಂದು ದೇಶದ ಸೈನಿಕರು ಮುಂದೆ ಹೋಗಬೇಕೋ ಬೇಡವೋ ಎಂಬುದು ಪರದೇಶದ ಒಬ್ಬ ಶ್ರೀಮಂತನ ಮನಸ್ಸಿಗೆ ಬಂದು ನಿಂತಿತಲ್ಲ, ಅದು ಯೋಚಿಸಬೇಕಾದ ಮಾತು.

ಹಾಗಾದರೆ ಯಂತ್ರ ಬೇಡವೇ?

ಬೇಡ ಎನ್ನುವವನು ಗಡಿಯಲ್ಲಿ ನಿಂತ ಹುಡುಗನಿಗೆ ಅನ್ಯಾಯ ಮಾಡುತ್ತಾನೆ. 2025ರ ಮೇ ತಿಂಗಳಲ್ಲಿ ಪಶ್ಚಿಮದ ಗಡಿಯಲ್ಲಿ ಡ್ರೋನ್‌ಗಳ ಹಿಂಡುಗಳು ಬಂದಾಗ ರಾಡಾರ್, ಕಂಪ್ಯೂಟರ್ ಜಾಲ ಇಲ್ಲದಿದ್ದರೆ ನಮ್ಮವರು ಏನು ಮಾಡಬೇಕಿತ್ತು? ಆದರೆ ಆ ದಿನಗಳಲ್ಲಿ ಡ್ರೋನ್ ಹೊಡೆಯಲು ಬಳಕೆಯಾದವುಗಳಲ್ಲಿ ಎಲ್-70 ಎಂಬ ಹಳೆಯ ಫಿರಂಗಿಯೂ ಇತ್ತು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಸ್ವೀಡನ್ನಿನ ಬೋಫೋರ್ಸ್ ಕಂಪನಿ ರೂಪಿಸಿದ್ದು ಅದು. ನಮ್ಮ ಭಾರತ್ ಎಲೆಕ್ಟ್ರಾನಿಕ್ಸ್ ಅದಕ್ಕೆ ಹೊಸ ಕಣ್ಣು ಕೂರಿಸಿದೆ. ಹಳೆಯ ಗಟ್ಟಿ ಕೈ, ಹೊಸ ಚುರುಕು ಕಣ್ಣು, ನಡುವೆ ಅದರ ಸ್ವಭಾವ ಬಲ್ಲ ಸೈನಿಕ. ಈ ಮೂರೂ ಕೂಡಿದ್ದು ನನಗೆ ಒಪ್ಪಿಗೆಯಾದ ದಾರಿ.

ಒಪ್ಪಿಗೆಯಾಗದ್ದು ಒಂದಿದೆ. ಯಾರನ್ನು ಕೊಲ್ಲಬೇಕು ಎಂಬ ತೀರ್ಮಾನವನ್ನೂ ಯಂತ್ರಕ್ಕೇ ಬಿಡುವ ಅಸ್ತ್ರಗಳು ಬರುತ್ತಿವೆ. ಇವುಗಳ ಅಪಾಯವನ್ನು ತುರ್ತಾಗಿ ವಿಚಾರ ಮಾಡಬೇಕೆಂಬ ನಿರ್ಣಯ 2023ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಮಹಾಸಭೆಯಲ್ಲಿ ಬಂದಾಗ 152 ದೇಶಗಳು ಪರವಾಗಿ ಮತ ಹಾಕಿದವು. ವಿರೋಧಿಸಿದವು ನಾಲ್ಕೇ ದೇಶ. ಅದರಲ್ಲಿ ಭಾರತವೂ ಒಂದು. ಜಿನೀವಾದಲ್ಲಿ ಈ ಚರ್ಚೆ ಮೊದಲೇ ನಡೆದಿದೆ, ಇನ್ನೊಂದು ವೇದಿಕೆ ಬೇಡ ಎಂಬುದು ನಮ್ಮ ಸರಕಾರದ ಕಾರಣ. ಆ ಕಾರಣಕ್ಕೂ ತೂಕ ಇರಬಹುದು. ಆದರೆ ಇಂಥ ಮತ ಹಾಕಿದ್ದು ನಮ್ಮ ಹೆಸರಿನಲ್ಲಿ. ನಮ್ಮ ಊರುಗಳಲ್ಲಿ ಎಷ್ಟು ಜನರಿಗೆ ಇದು ತಿಳಿದಿದೆ? ಬಡಗಾಮಿನ ತಪ್ಪಿಗೆ ಒಬ್ಬ ಮುಖ್ಯಸ್ಥ ಮುಂದೆ ನಿಂತು, ತಪ್ಪು ನಮ್ಮದು ಎಂದರು. ಕೊಲ್ಲುವ ತೀರ್ಮಾನ ಯಂತ್ರದ್ದಾದರೆ ನಾಳೆ ಯಾರು ಮುಂದೆ ನಿಲ್ಲುತ್ತಾರೆ? ಹೊಣೆ ಹೊರಲು ಅದಕ್ಕೆ ಹೆಗಲಿಲ್ಲ, ಅಳುಕಲು ಅಂತಃಕರಣವಿಲ್ಲ. ದಯೆಯನ್ನು ಧರ್ಮದ ಬೇರು ಎಂದು ನಂಬಿದ ನಮಗೆ ಈ ವಿಷಯದಲ್ಲಿ ಸುಮ್ಮನಿರುವ ಹಕ್ಕಿಲ್ಲ.

ನಾವು ಮಾಡಬಹುದಾದದ್ದು

ಕೊನೆಗೆ ನಾಲ್ಕು ಮಾತು.

ಒಂದು, ಸೈನ್ಯಕ್ಕೆ ಸೇರಲು ಓಡುವುದನ್ನು, ಎತ್ತರ ಜಿಗಿಯುವುದನ್ನು ಕಲಿಸುವ ತರಬೇತಿಗಳು ನಮ್ಮಲ್ಲಿ ಸಾಕಷ್ಟು ಇವೆ. ಮಠದ ವಿದ್ಯಾಸಂಸ್ಥೆಗಳು ಅದರ ಜೊತೆಗೆ ಗಣಿತ, ನಕಾಶೆ ಓದುವುದು, ದಿಕ್ಸೂಚಿ ಹಿಡಿಯುವುದು, ನಕ್ಷತ್ರ ಗುರುತಿಸುವುದು ಇವನ್ನೂ ಕಲಿಸಲಿ. ಇದಕ್ಕೆ ದೊಡ್ಡ ಖರ್ಚಿಲ್ಲ. ನಮ್ಮ ಭಾಗದಲ್ಲಿ ನನ್ನಂಥ ನಿವೃತ್ತ ಸೈನಿಕರು ಬಹಳ ಜನ ಇದ್ದಾರೆ; ಕರೆದರೆ ಬಂದು ಕಲಿಸುತ್ತಾರೆ.

ಎರಡು, ಇಂಜಿನಿಯರಿಂಗ್ ಓದಿದ ಮಕ್ಕಳನ್ನೆಲ್ಲ ಕಂಪನಿಯ ಸಂಬಳದ ಕಡೆಗೇ ತಳ್ಳಬೇಡಿರಿ. ಎಂಜಿನ್, ಲೋಹ, ಗಡಿಯಾರ, ಚಿಪ್ ಇವುಗಳ ಮೇಲೆ ವರ್ಷಗಟ್ಟಲೆ ಕುಳಿತು ದುಡಿಯುವವರು ದೇಶಕ್ಕೆ ಬೇಕಾಗಿದ್ದಾರೆ. ಹೆಸರಿಲ್ಲದ, ನಿಧಾನದ ಕಾಯಕ ಅದು. ಅಂಥ ಮಗನನ್ನೋ ಮಗಳನ್ನೋ ಮನೆಯವರು ಗೌರವದಿಂದ ಕಾಣಬೇಕು.

ಮೂರು, ಹೊಸ ಅಸ್ತ್ರ ಬಂತು ಎಂದು ಟಿವಿಯಲ್ಲಿ ಕೂಗುವಾಗ ಚಪ್ಪಾಳೆಗೆ ಮುಂಚೆ ನಾಲ್ಕು ಪ್ರಶ್ನೆ ಕೇಳೋಣ. ಇದು ಕೆಟ್ಟರೆ ದುರಸ್ತಿ ಮಾಡುವವರು ಯಾರು? ಸಂಕೇತ ನಿಂತರೆ ಕೈಯಿಂದ ನಡೆಸಲು ಬರುತ್ತದೆಯೇ? ನಡೆಸುವ ಹುಡುಗನಿಗೆ ಎಷ್ಟು ದಿನ ತರಬೇತಿ ಕೊಟ್ಟಿದ್ದೀರಿ? ತಪ್ಪಾದರೆ ಹೊಣೆ ಯಾರದು? ನಮ್ಮ ಸಂಸದರ ಮುಂದೆಯೂ ಈ ಪ್ರಶ್ನೆಗಳನ್ನು ಇಡೋಣ. ಪ್ರಶ್ನೆ ಕೇಳುವುದು ಸೈನ್ಯಕ್ಕೆ ಅಗೌರವವಲ್ಲ, ಅಲ್ಲಿ ನಿಂತವನ ಪ್ರಾಣದ ಕಾಳಜಿ.

ನಾಲ್ಕನೆಯದು ಸೈನ್ಯದಲ್ಲಿರುವ ನಮ್ಮ ಮಕ್ಕಳಿಗೆ. ಮಗಾ, ನಿನ್ನ ಮುಂದಿರುವ ಸೆಟ್ ಹೇಗೆ ನಡೆಯುತ್ತದೆ ಎಂಬುದನ್ನು ಎಲ್ಲರೂ ಕಲಿಸುತ್ತಾರೆ. ಅದು ಹೇಗೆ ತಪ್ಪುತ್ತದೆ ಎಂಬುದನ್ನು ನೀನೇ ಕೇಳಿ ಕಲಿ. ಸೀನಿಯರ್ ಬೈದರೂ ಕೇಳು. ಪರದೆ ಒಂದು ಹೇಳಿ ನಿನ್ನ ಅರಿವು ಇನ್ನೊಂದು ಹೇಳಿದಾಗ, ಒಂದು ಕ್ಷಣ ತಡೆದು ಇನ್ನೊಂದು ಕಡೆಯಿಂದ ಖಾತ್ರಿ ಮಾಡಿಕೋ. ಆ ಒಂದು ಕ್ಷಣದಲ್ಲಿ ನಿನ್ನ ಪ್ರಾಣವೂ ಇದೆ, ಯಾರೋ ಕಾಣದ ಮನೆಯ ಮಕ್ಕಳ ಪ್ರಾಣವೂ ಇದೆ.